ಆನೆಯ ಬಿಡುಗಡೆ

ಆಶ್ರಮದ ಮೆಟ್ಟಿಲು ಹತ್ತಿ ಬಂದ ಚಿದಂಬರನ ಮುಖ ನೋಡಿದವರು, ಇವನ ಸಿನಿಮಾ ಮಕಾಡೆ ಮಲಗಿರಬೇಕು ಅಂತಲೇ ತಿಳಿಯುತ್ತಿದ್ದರು. ಹಾಗೇನೂ ಆಗಿರಲಿಲ್ಲ. ಸಿನಿಮಾ ಗೆಲ್ಲುವುದರಲ್ಲಿತ್ತು. ಅವನ ಸಂಕಟವೇ ಅದು.

ಗುರು ಅಡವಿಸ್ವಾಮಿಗಳು ಹೊಳೆದಂಡೆಯ ಹೊಂಗೆಮರದ ಕೆಳಗೆ, ಬಂಡೆಯ ಮೇಲೆ ಕೂತಿದ್ದರು. ಚಿದಂಬರ ಚಿಕ್ಕಂದಿನಲ್ಲಿ ಅವರ ಹತ್ತಿರವೇ ಓದಿದವನು. ಕಥೆ ಹೇಳುವ ಚಟ ಹತ್ತಿದ್ದೂ ಇಲ್ಲೇ. ಆ ಚಟ ಅವನನ್ನು ಸಿನಿಮಾ ನಿರ್ದೇಶಕನ ಕುರ್ಚಿಯ ತನಕ ಎಳೆದುಕೊಂಡು ಹೋಗಿತ್ತು.

ಕಾಲಿಗೆ ಬಿದ್ದವನು ಬೇಗ ಏಳಲಿಲ್ಲ.

“ಏಳಪ್ಪ. ಏನಾಯ್ತು?”

“ಒಂದು ವಿಡಿಯೋ ಗೇಮನ್ನ ಸಿನಿಮಾ ಮಾಡ್ದೆ ಗುರುಗಳೇ. ಮಕ್ಕಳೆಲ್ಲ ಮೊಬೈಲಲ್ಲಿ ಆಡ್ತಾರೆ. ಒಬ್ಬ ಹುಡುಗಿ ಆನೆಮರಿಯೊಂದನ್ನ ಕಾಡು ಬೆಟ್ಟ ದಾಟಿಸಿ ಅದರ ತಾಯಿ ಹತ್ರ ಸೇರಿಸ್ಬೇಕು. ಅಷ್ಟೇ ಆಟ.”

“ದಾರೀಲಿ ಮರಿ ಸತ್ತರೆ?”

“ಗುಂಡಿ ಒತ್ತಿದ್ರೆ ಮತ್ತೆ ಹುಟ್ಟುತ್ತೆ. ಮತ್ತೆ ಸಾಯುತ್ತೆ. ಒತ್ತಿದ್ರೆ ಮತ್ತೆ ಹುಟ್ಟುತ್ತೆ.”

“ಸಿನಿಮಾದಲ್ಲಿ?”

ಚಿದಂಬರ ತಲೆ ತಗ್ಗಿಸಿದ.

“ನಿರ್ಮಾಪಕರು ರುದ್ರಪ್ಪನವರು ಸಂಸಾರದ ಸಿನಿಮಾ ಬೇಕು ಅಂದ್ರು. ಸಾಹಸ ಇರ್ಲಿ, ಆದ್ರೆ ಮನೆಮಂದಿಯೆಲ್ಲ ಕೂತು ಅಳ್ಬೇಕು, ಹೆಂಗಸರ ಸೆರಗು ಒದ್ದೆಯಾಗ್ಬೇಕು ಅಂದ್ರು. ಅದಕ್ಕೇ ಕೊನೇಲಿ, ಹುಡುಗೀನ ಉಳಿಸೋಕೆ ಹೋಗಿ ಮರಿ ಹೊಳೇಲಿ ಕೊಚ್ಚಿಹೋಗುತ್ತೆ. ಮತ್ತೆ ಬರಲ್ಲ.”

ಗುರುಗಳು ನಕ್ಕರು.

“ಸತ್ತು ಸತ್ತು ಹುಟ್ಟೋದನ್ನ ನಾವು ಸಂಸಾರ ಅಂತೀವಿ, ನೀವು ಆಟ ಅಂತೀರಿ. ಹೋದದ್ದು ಮತ್ತೆ ಬರದೇ ಇದ್ರೆ ಅದನ್ನ ಸಂಸಾರ ಅಂತೀರಿ. ಇರ್ಲಿ. ಬಿಡುಗಡೆ ಯಾವಾಗ?”

“ಬರೋ ಶುಕ್ರವಾರ.”

“ಪುಣ್ಯವಂತ ನೀನು. ನಾನು ಇಷ್ಟು ವರ್ಷದಿಂದ ಕಾಯ್ತಾ ಇದೀನಿ, ನನಗಿನ್ನೂ ತಾರೀಕು ಸಿಕ್ಕಿಲ್ಲ.”

ಬೇರೆ ದಿನವಾಗಿದ್ದರೆ ಚಿದಂಬರನೂ ನಗುತ್ತಿದ್ದ. ಇವತ್ತು ನೇರ ಮಾತಿಗೇ ಬಂದ.

“ಹೋದ ವಾರ ನಮ್ಮವರಿಗೆ ಅಂತ ಒಂದು ಶೋ ಇಟ್ಟಿದ್ವಿ. ಮೈಥಿಲೀನ ಕರ್ಕೊಂಡು ಹೋಗಿದ್ದೆ.”

ಮೈಥಿಲಿ ಅವನ ಒಬ್ಬಳೇ ಮಗಳು. ಶೂಟಿಂಗ್ ಅಂತ ಊರೂರು ಅಲೆಯುವ ಅಪ್ಪ ಅವಳ ಕೈಗೆ ಸಿಗುತ್ತಿದ್ದದ್ದೇ ಅಪರೂಪ. ಸಿಕ್ಕಾಗ ಇಬ್ಬರೂ ಒಂದೇ ಮೊಬೈಲಿನ ಮೇಲೆ ತಲೆಗೆ ತಲೆ ತಾಗಿಸಿ ಆ ಆನೆಮರಿಯನ್ನು ಬೆಟ್ಟ ಹತ್ತಿಸುತ್ತಿದ್ದರು. ರುದ್ರಪ್ಪನವರು ಏನೇ ಅಂದುಕೊಂಡಿರಲಿ, ಚಿದಂಬರ ಸಿನಿಮಾ ಮಾಡಿದ್ದು ಅವಳೊಬ್ಬಳಿಗಾಗಿ.

“ಮರಿ ನೀರಿಗೆ ಬಿತ್ತು. ಆ ಕತ್ತಲಲ್ಲಿ ಅವಳ ಎರಡೂ ಹೆಬ್ಬೆರಳು ಆಡ್ತಾ ಇದ್ವು ಗುರುಗಳೇ. ಕೈಲಿ ಮೊಬೈಲಿಲ್ಲ, ಏನಿಲ್ಲ. ಸುಮ್ನೆ ಗಾಳೀಲಿ ಒತ್ತುತಾ ಇದ್ಲು. ಒತ್ತೇ ಒತ್ತಿದ್ಲು. ಆಮೇಲೆ ನಿಲ್ಲಿಸಿಬಿಟ್ಲು.”

“ಅತ್ತಳಾ?”

“ಇಲ್ಲ. ಅತ್ತೋರೆಲ್ಲ ಸುತ್ತ ಕೂತಿದ್ದೋರು. ರುದ್ರಪ್ಪನವರು ನನ್ನ ತಬ್ಕೊಂಡು, ಗೆದ್ದುಬಿಟ್ಟೆ ಕಣಯ್ಯ ಅಂದ್ರು. ಇವಳು ಅವತ್ತಿಂದ ಆಟ ಮುಟ್ಟಿಲ್ಲ. ಬಾ ಆಡೋಣ ಅಂದ್ರೆ, ಬೇಡಪ್ಪ ಅಂತಾಳೆ. ಶುಕ್ರವಾರ ಆದ್ಮೇಲೆ ಇನ್ನೆಷ್ಟು ಮಕ್ಕಳು ಹೀಗಾಗ್ತಾರೋ! ನಾನೇನು ಮಾಡ್ಲಿ?”

ಗುರುಗಳು ಪಕ್ಕಕ್ಕೆ ಸರಿದು ಕೂತರು. ಒಂದು ಇದ್ದಿಲ ಚೂರು ತೆಗೆದುಕೊಂಡು ಬಂಡೆಯ ಮೇಲೆ ಚೌಕಾಬಾರದ ಮನೆ ಬರೆದರು. ತಮಗೆ ಹುಣಿಸೆಬೀಜ, ಶಿಷ್ಯನಿಗೆ ಹೊಂಗೆಬೀಜ. ಜೋಳಿಗೆಯಿಂದ ಕವಡೆ ಬಂದವು.

“ಆಡು.”

ಇಂಥ ಹೊತ್ತಿನಲ್ಲಿ ಇದೇನು ಅನ್ನಿಸಿದರೂ ಚಿದಂಬರ ಕವಡೆ ಬಿಟ್ಟ. ಸ್ವಲ್ಪ ಹೊತ್ತಿಗೆ ಗುರುಗಳು ಅವನದೊಂದು ಕಾಯಿ ಹೊಡೆದರು. ಹೊಡೆಸಿಕೊಂಡ ಕಾಯಿ ಮನೆಗೆ ಹೋಗಿ ಮೊದಲಿಂದ ಹೊರಡಬೇಕು, ಆಟದ ಕ್ರಮವೇ ಅದು. ಅವನು ಅದನ್ನು ಎತ್ತಿಡಲು ಕೈಚಾಚಿದ.

ಅಷ್ಟರಲ್ಲಿ ಗುರುಗಳು ಆ ಬೀಜವನ್ನು ತೆಗೆದು ಹೊಳೆಗೆ ಎಸೆದುಬಿಟ್ಟರು.

“ಅಯ್ಯೋ, ಏನು ಗುರುಗಳೇ ಇದು!”

“ಆಡು.”

“ನನ್ನ ಕಾಯಿ ಹೋಯ್ತಲ್ಲ!”

“ಮಿಕ್ಕವು ಇವೆಯಲ್ಲ. ಆಡು.”

ಅವನು ಕವಡೆ ಎತ್ತಿಕೊಂಡ. ಮುಷ್ಟಿ ಬಿಚ್ಚಲಿಲ್ಲ. ಮಿಕ್ಕ ಕಾಯಿಗಳು ಹೊಡೆಸಿಕೊಂಡರೆ ಅವೂ ನೀರಿಗೇ ಹೋಗುವಂಥವು. ಅವುಗಳನ್ನು ನಡೆಸುವ ಆಸೆಯೇ ಸತ್ತುಹೋಗಿತ್ತು.

“ಬೇಡ ಗುರುಗಳೇ” ಅಂದ. ಅಂದ ಮೇಲೆ ಅವನಿಗೆ ತನ್ನ ಮಾತಿನಲ್ಲಿ ಮಗಳ ದನಿ ಕೇಳಿಸಿತು.

ಥಟ್ಟನೆ ನೆಟ್ಟಗೆ ಕೂತ. “ಸಿನಿಮಾ ತಿದ್ದುತೀನಿ. ರುದ್ರಪ್ಪನವರ ಕಾಲು ಹಿಡೀತೀನಿ. ಮರಿ ಈಜಿ ದಡಕ್ಕೆ ಬಂತು ಅಂತ ಮಾಡಿ ಅವಳಿಗೆ ತೋರಿಸ್ತೀನಿ!”

ಗುರುಗಳು ನೆಲದ ಕಡೆ ಕೈ ತೋರಿದರು. ಮರದ ಬುಡದ ತುಂಬ ಹೊಂಗೆಬೀಜ ಚೆಲ್ಲಿದ್ದವು.

“ತಗೋ. ಒಂದು ಇಡು.”

ಚಿದಂಬರ ಹುಡುಕಿ ಹುಡುಕಿ ಅದೇ ಬಣ್ಣದ, ಅದೇ ಗಾತ್ರದ ಬೀಜ ಆರಿಸಿದ. ಮನೆಯಲ್ಲಿಟ್ಟ. ಬೀಜ ನೋಡಿದ. ಹೊಳೆ ನೋಡಿದ. ಕೈ ಕವಡೆಯ ಹತ್ತಿರ ಹೋಗಲಿಲ್ಲ.

“ಆಡಪ್ಪ.”

“ಆಗ್ತಿಲ್ಲ ಗುರುಗಳೇ.” ಅವನು ಮುಖ ಮುಚ್ಚಿಕೊಂಡು ಅತ್ತುಬಿಟ್ಟ. ಇಷ್ಟು ಹೊತ್ತು ಹೇಳದೆ ಉಳಿಸಿಕೊಂಡಿದ್ದ ಮಾತು ಆಗ ಹೊರಬಂತು.

“ನಿನ್ನೆ ನಾನೇ ಆಟ ತೆಗೆದು, ಮರೀನ ಬೀಳಿಸಿ, ಗುಂಡಿ ಒತ್ತಿ ಬದುಕಿಸಿ ತೋರಿಸ್ದೆ. ನೋಡು ಪುಟ್ಟಿ, ಬಂತು ನೋಡು ಅಂದೆ. ಅವಳು ನೋಡಿದ್ಲು. ನೋಡಿ, ಅಪ್ಪಾ, ಇದು ಅದೇನಾ, ಬೇರೇದಾ ಅಂತ ಕೇಳಿದ್ಲು. ಬೆಳಗಾಗ್ತಲೇ ಇಲ್ಲಿಗೆ ಬಂದೆ. ನೀವಾದ್ರೂ ಹೇಳಿ. ಅವಳಿಗೆ ಏನಂತ ಉತ್ತರ ಕೊಡ್ಲಿ?”

ಗುರುಗಳ ಮುಖದಲ್ಲಿದ್ದ ತಮಾಷೆ ಇಳಿದುಹೋಯಿತು.

“ಮಗೂಗೆ ಎಷ್ಟು ವರ್ಷ?”

“ಎಂಟು.”

ಅವರು ಮನೆಯಲ್ಲಿಟ್ಟಿದ್ದ ಹೊಸ ಬೀಜವನ್ನು ಎತ್ತಿ ಅಂಗೈಯಲ್ಲಿಟ್ಟುಕೊಂಡರು. ಚಿದಂಬರ ಕಾದ. ಗುರುಗಳ ಬಾಯಿಂದ ಒಂದು ಮಾತು ಬಂದರೆ ಸಾಕು, ಅದನ್ನೇ ಹಿಡಿದು ಮನೆಗೆ ಓಡಲು ಅವನು ತಯಾರಿದ್ದ.

“ನನಗೆ ಅವಳ ಆ ಪ್ರಶ್ನೆ ಹುಟ್ಟಿದಾಗ ನಲವತ್ತು ದಾಟಿತ್ತು ಕಣಪ್ಪ. ಆದ್ರೂ ತಡ್ಕೊಳ್ಳೋಕಾಗದೆ ಮನೆ ಬಿಟ್ಟು ಬಂದೆ. ಇನ್ನೂ ಹುಡುಕ್ತಾ ಇದೀನಿ.”