ಪಕ್ಕೀರವ್ವನ ಅಲಸಂದಿಗೆ ಎಕ್ಸ್‌ರೇ ತೆಗೆಸಿದ್ದು

ಕೇಳ್ರಪ್ಪಾ, ಕೂತವರು ಕೂತಲ್ಲೇ ಇರಿ, ನಗು ಬಂದರೆ ಮಾತ್ರ ಕದಲಿ. ಒಬ್ಬಳು ಪಕ್ಕೀರವ್ವ, ಅವಳಿಗೊಬ್ಬ ಮಗ ಯಮನೂರ. ಆಳು ಎತ್ತಿನಂಥವನು, ಹೇಳಿದ ಕೆಲಸ ತಪ್ಪಿಸುವವನಲ್ಲ. ಅದೇ ನೋಡಿ ಕಷ್ಟ! ಹೇಳಿದ್ದನ್ನು ಹೇಳಿದ ಹಾಗೇ ಮಾಡುತ್ತಿದ್ದ.

ಪಕ್ಕೀರವ್ವನ ಹತ್ತಿರ ಕರಿಮೂಗಿನ ಅಲಸಂದಿ ಅಂತ ಒಂದು ತಳಿ ಇತ್ತು, ಅತ್ತೆ ಕೊಟ್ಟದ್ದು. ಊರಲ್ಲಿ ಬೇರೆ ಯಾರ ಮನೆಯಲ್ಲೂ ಉಳಿದಿಲ್ಲ, ಇವಳ ಸೋರೆಬುರುಡೆಯಲ್ಲಿ ಬೂದಿ ಬೆರೆಸಿ ಇಟ್ಟದ್ದು ಮಾತ್ರ ಇದೆ. ಒಂದು ದಿನ ಮುಚ್ಚಳ ತೆಗೆದರೆ, ಅಯ್ಯಯ್ಯೋ, ಬೂದಿಯೊಳಗಿಂದ ಹುಳ ಹರಿದು ಬಂತು! ಈ ಹುಳದ ಕಳ್ಳತನ ಕೇಳಬೇಕು ನೀವು. ಮರಿ ಕಾಳಿನೊಳಗೆ ಕೂತು ತಿರುಳು ಮೇಯುತ್ತದೆ, ಮೇಲಿನ ಸಿಪ್ಪೆ ಮಾತ್ರ ಮದುಮಗನ ಹಾಗೆ ಮಿರಮಿರ. ತೂತು ಕಾಣುವುದು ಕಳ್ಳ ಉಂಡು ಹೊರಟ ಮೇಲೆ! ಮುಂಗಾರು ಬಾಗಿಲಿಗೆ ಬಂದಿದೆ. ಈ ಸಲ ಒಳ್ಳೆಯ ಕಾಳು ನೆಲಕ್ಕೆ ಬೀಳದಿದ್ದರೆ ತಳಿಯೇ ಮುಗಿಯಿತು.

ಪಕ್ಕೀರವ್ವ ಕೂಲಿಗೆ ಹೊರಟವಳು ಹೇಳಿದಳು: "ಯಮನೂರಾ, ಯಾವ ಕಾಳಿನ ಒಳಗ ಹುಳ ಐತಿ, ಯಾವುದರಾಗ ಇಲ್ಲ, ನೋಡಿ ಬ್ಯಾರೆ ಮಾಡು."

"ಹ್ಞೂಂ ಬೇ!"

ಸಂಜೆ ಬಂದರೆ ಮಗ ಒರಳುಗುಂಡು ಹಿಡಿದು ಬೆವರುತ್ತಿದ್ದಾನೆ. ಅರ್ಧ ಬುರುಡೆ ಬೇಳೆಯಾಗಿದೆ!

"ಇದರಾಗ ಹುಳ ಇರಲಿಲ್ಲ ಬೇ, ಇದರಾಗೂ ಇರಲಿಲ್ಲ!"

"ಒಡದು ನೋಡಿದಿ ಏನೋ ಹುಚ್ಚಪ್ಯಾಲಿ! ಒಡದದ್ದು ಹುಟ್ಟತೈತೇನೋ!" ಪಕ್ಕೀರವ್ವ ಹಣೆ ಬಡಿದುಕೊಂಡಳು. "ಒಡೀದಂಗ ಒಳಗ ನೋಡಾಕ ಪ್ಯಾಟಿಯೊಳಗ ಮಷಿನ್ ಐತಂತ, ರೇಡಿಯೊದಾಗ ಹೇಳ್ಯಾರ. ನಾಳೆ ಬೀಜಪರೀಕ್ಷೆ ಕೇಂದ್ರಕ್ಕ ಒಯ್ಯಿ. ಕಾಳು ಜೋಕೆ! ಹಸುಗೂಸಿನಂಗ ನೋಡ್ಕೋ!"

"ಹ್ಞೂಂ ಬೇ!"

ಹಸುಗೂಸನ್ನು ನಮ್ಮ ಕಡೆ ಹೇಗೆ ನೋಡಿಕೊಳ್ಳುತ್ತಾರೆ? ಬೆಳಗಾಗೆದ್ದು ಎಣ್ಣೆ ಹಚ್ಚಿದ. ಬಿಸಿನೀರು ಎರೆದ. ಲೋಬಾನದ ಹೊಗೆ ಹಾಕಿದ. ಬಟ್ಟೆಯಲ್ಲಿ ಸುತ್ತಿ, ದಾರಿಯುದ್ದಕ್ಕೂ ಜೋಜೋ ಹಾಡುತ್ತ ಪೇಟೆಗೆ ಒಯ್ದ!

ಕೇಂದ್ರದಲ್ಲಿ ಇಂದುಮತಿ ಮೇಡಂ ಗಂಟು ಬಿಚ್ಚಿದರು. ಕಾಳೆಲ್ಲ ಉಬ್ಬಿ, ಸಿಪ್ಪೆ ಸುಲಿದು, ಜಿಡ್ಡು ಜಿಡ್ಡು!

"ಏನಪ್ಪಾ ಇದು? ನೆನೆದ ಕಾಳನ್ನು ಈಗ ಏನು ಮಾಡಲಿ? ಮನೆಯಲ್ಲಿ ಇನ್ನೂ ಇದೆಯಾ?"

"ಬುರುಡಿ ತಳದಾಗ ಒಂದೀಟು ಐತ್ರಿ."

"ಅದಕ್ಕೆ ಒಂದು ಹನಿ ನೀರೂ ತಾಗಬಾರದು! ತಿಳೀತಾ? ಒಂದೇ ಒಂದು ಹನಿ!"

"ಹ್ಞೂಂರೀ!"

ಮರುದಿನ ಪಕ್ಕೀರವ್ವ ಕೂಲಿ ಬಿಟ್ಟಳು, ಉಳಿದದ್ದನ್ನು ಉಡಿಯಲ್ಲಿ ಕಟ್ಟಿದಳು, ಮಗನನ್ನು ಮುಂದೆ ದೂಡಿಕೊಂಡು ತಾನೇ ಬಂದಳು. ಮೇಡಂ ಕಾಳುಗಳನ್ನು ತಟ್ಟೆಯಲ್ಲಿ ಸಾಲಾಗಿ ಜೋಡಿಸಿ ಪೆಟ್ಟಿಗೆಯಂಥ ಯಂತ್ರದೊಳಗೆ ಇಟ್ಟರು. ಆಮೇಲೆ ಫಿಲ್ಮನ್ನು ಬೆಳಕಿಗೆ ಹಿಡಿದರು. ಪಕ್ಕೀರವ್ವ ಕತ್ತು ಚಾಚಿದಳು.

"ನೋಡಮ್ಮಾ, ಒಳಗೆ ಕಪ್ಪು ಗುಳಿ ಬಿದ್ದಿದ್ದರೆ ಹುಳ ತಿಂದದ್ದು. ಇದು ಹೋಯಿತು. ಇದೂ ಹೋಯಿತು. ಇದೂ..."

"ಒಂದಾರ ಐತೇನ್ರೀ ಯವ್ವಾ?"

"ತಡಿ, ತಡಿ. ಇಲ್ಲಿ ನೋಡು, ಬೆಳ್ಳಗೆ ತುಂಬಿದೆ. ಇದು ಗಟ್ಟಿ. ಅಕೋ, ಇನ್ನೊಂದು!"

ಕೊನೆಗೆ ಉಳಿದದ್ದು ಒಂದು ಚಿಟಿಕೆ. ಮೇಡಂ ಅಷ್ಟನ್ನೇ ಆರಿಸಿ ಪೊಟ್ಟಣ ಕಟ್ಟಿದರು, ಫಿಲ್ಮಿನಲ್ಲೂ ಕಪ್ಪಿದ್ದ ಭಾಗ ಕತ್ತರಿಸಿ ತೆಗೆದು, ಪೊಟ್ಟಣವನ್ನೂ ಉಳಿದ ತುಂಡನ್ನೂ ಯಮನೂರನ ಕೈಗೆ ಕೊಟ್ಟರು. "ನೋಡಪ್ಪಾ, ಇದರಲ್ಲಿ ಬೆಳ್ಳಗೆ ಕಾಣುತ್ತಲ್ಲ, ಇದನ್ನೇ ಬಿತ್ತಬೇಕು."

"ಹ್ಞೂಂರೀ!"

ಬಸ್ಸು ಇಳಿಯುವಾಗ ಪಡುವಣ ದಿಕ್ಕು ಕಪ್ಪಾಗಿತ್ತು, ಗಾಳಿ ಎದ್ದಿತ್ತು.

"ಓಡೋ ಯಮನೂರಾ! ನನ್ನ ಮೊಣಕಾಲು ಕೇಳಂಗಿಲ್ಲ. ಮಳಿ ಬೀಳೂದರೊಳಗ ಬಿತ್ತಿಬಿಡು. ತಡ ಆದ್ರ ಹೊಲ ಕೆಸರಾಗತೈತಿ!"

ಓಡಿದ. ಮಳೆ ಅವನಿಗಿಂತ ಜೋರಾಗಿ ಓಡಿ ಬಂತು. ಪಕ್ಕೀರವ್ವ ಏಳುತ್ತ ಬೀಳುತ್ತ ಹೊಲ ಮುಟ್ಟಿದಾಗ ಮಗ ಮಣ್ಣು ಮುಚ್ಚಿ ಕೈ ಒರೆಸಿಕೊಳ್ಳುತ್ತಿದ್ದ.

"ಬಿತ್ತಿದಿ ಏನೋ?"

"ಬಿತ್ತೇನಿ ಬೇ!"

"ಸಾಲು ಎಲ್ಲಿ? ಒಂದಽ ಗುಂಡಿ ಕಾಣತೈತಲ್ಲೋ!"

"ಹಾಳಿ ಒಂದಽ ಇತ್ತಲ್ಲ ಬೇ!"

ಪಕ್ಕೀರವ್ವ ಕೆದರಿದಳು. ಕೈಗೆ ಬಂದದ್ದು ಕಾಳಲ್ಲ, ಫಿಲ್ಮು!

"ಕಾಳೆಲ್ಲಿ? ಲೇ, ಕಾಳೆಲ್ಲಿ?"

"ಬೆಳ್ಳಗ ಕಾಣೂದನ್ನಽ ಬಿತ್ತು ಅಂದಾರ ಮೇಡಂ. ಕಾಳು ಬೆಳ್ಳಗ ಎಲ್ಲೈತಿ? ಕೆಂಪಗೈತಿ! ಅದಕ್ಕ ಒಂದು ಹನಿ ನೀರೂ ತಾಗಬಾರದು ಅಂದಾರ. ಬಗಲಾಗ ಇಟಗೊಂಡೇನಿ!"

ಬಗಲಿಗೆ ಕೈಹಾಕಿ ಕಿತ್ತುಕೊಂಡಳು. ಪೊಟ್ಟಣ ಬೆಚ್ಚಗಿತ್ತು, ಒಣಗಿತ್ತು. ಮಂಡಿಯೂರಿ, ಸೆರಗು ಮರೆ ಮಾಡಿ, ಒಂದೊಂದೇ ಕಾಳು ಊರಿದಳು. ಕೊನೆಯ ಕಾಳಿಗೆ ಮಣ್ಣು ಎಳೆದ ಮೇಲೆಯೇ ಅವಳಿಗೆ ಉಸಿರು ಬಂದದ್ದು, ಉಸಿರಿನ ಹಿಂದೆ ಸಿಟ್ಟೂ ಬಂತು.

"ನಿನ್ನ ತಲಿಯೊಳಗ ಏನೈತಿ ಅಂತ ಒಮ್ಮಿ ನೋಡಬೇಕೋ!"

"ಹ್ಞೂಂ ಬೇ!"

ಮರುದಿನ ಬೆಳಿಗ್ಗೆ ಇಂದುಮತಿ ಮೇಡಂ ಕೇಂದ್ರದ ಬಾಗಿಲು ತೆಗೆದು ಆ ಕಡೆ ತಿರುಗಿದ್ದೇ ತಡ, ಯಮನೂರ ಸರಸರ ನುಗ್ಗಿ, ಬೀಜದ ತಟ್ಟೆಯ ಮೇಲೆ ತಲೆ ಇಟ್ಟು, ಕಣ್ಣು ಮುಚ್ಚಿ ಮಲಗಿಬಿಟ್ಟ.

"ಏಯ್! ಏನಪ್ಪಾ ಇದು?"

"ಒಂದು ಫಿಲ್ಮು ತಗೀರಿ ಮೇಡಂ, ಅವ್ವ ಒಳಗ ನೋಡಬೇಕಂತ. ಕಪ್ಪಿದ್ರ ಇಲ್ಲೇ ಒಗೀರಿ. ಬೆಳ್ಳಗ ತುಂಬಿದ್ರ ಲಗೂನ ಹೇಳ್ರಿ, ನೆಲ ಹಸಿ ಐತಿ, ಇವತ್ತಽ ಬಿತ್ತಿಬಿಡ್ತಾಳ!"