ಉಪ್ಪಿನ ಸರದಿ

ವಾರಿಜಮ್ಮ ಎಂಟು ಜನ ನೆಂಟರಿಗಾಗಿ ತಣ್ಣನೆಯ ಪಿಜ್ಜಾ ಮಾಡುತ್ತಿದ್ದರು. ಕಾಯಿಸಿ ಆರಿಸಿದ ಪಿಜ್ಜಾ ಬೇಸ್‌ಗೆ ಗಟ್ಟಿ ಮೊಸರು ಸವರಿ, ಮೇಲೆ ಸೌತೆಕಾಯಿ ಹೋಳು ಹರಡಿದರು.

ಭರಣಿಯಲ್ಲಿದ್ದ ಉಪ್ಪು ಗದರಿತು: "ಬಾಳೆಲೆಗೆ ಮೊದಲು ಬಡಿಸುವುದು ನನ್ನನ್ನು. ಇಲ್ಲೂ ನಾನೇ ಮೊದಲು!"

ಸೌತೆಕಾಯಿ ಹೇಳಿತು: "ಎಲೆಯಲ್ಲಿ ನೀವು ಮೂಲೆಯಲ್ಲಿ ಕೂರುತ್ತೀರಿ. ಇಲ್ಲಿ ನನ್ನ ಮೈಮೇಲೆ ಬೀಳುತ್ತೀರಿ. ಈಗಲೇ ಬಿದ್ದರೆ ನಾನು ನೀರು ಬಿಡುತ್ತೇನೆ, ಬೇಸ್ ನೆನೆದು ಮೆತ್ತಗಾಗುತ್ತದೆ. ಎಂಟು ಜನರಲ್ಲಿ ಒಬ್ಬರಿಗೂ ನೆಟ್ಟಗೆ ಒಂದು ತುಂಡು ಸಿಗುವುದಿಲ್ಲ."

"ಹಾಗಾದರೆ ನನ್ನ ಮರ್ಯಾದೆ?"

"ಅದು ತಿನ್ನುವವರ ನಾಲಿಗೆಯಲ್ಲಿದೆ, ಸರದಿಯಲ್ಲಲ್ಲ."

ನೆಂಟರು ಬಂದು ಕೂತರು. ವಾರಿಜಮ್ಮ ಪಿಜ್ಜಾವನ್ನು ಎಂಟು ಪಾಲು ಮಾಡಿ, ಆಮೇಲೆ ಉಪ್ಪು ಉದುರಿಸಿದರು. ತುಂಡುಗಳು ಬಾಗದೆ ಕೈಗೆ ಬಂದವು. ಮೊದಲ ತುತ್ತಿಗೇ ಎಲ್ಲರೂ ಹೊಗಳಿದ್ದು ಕೊನೆಗೆ ಬಂದ ಉಪ್ಪಿನ ಹದವನ್ನು.