ಕಾಳಿಯ ಕುತ್ತಿಗೆಯ ಕರಿದಾರ

ಕಾಳಿ ಎಂಬ ಎಮ್ಮೆ ಕರು ಹಾಕಿದಾಗ, ಕಣ್ಣು ಬೀಳದಿರಲೆಂದು ಯಜಮಾನಿ ಪುಟ್ಟಲಿಂಗಮ್ಮ ಅವಳ ಕುತ್ತಿಗೆಗೆ ಮೇಕೆ ಕೂದಲಿನ ಕರಿದಾರ ಕಟ್ಟಿದಳು. ಕುತ್ತಿಗೆಯ ಸುತ್ತ ಗಂದೆ ಎದ್ದು ಕೆರೆತ ಹತ್ತಿತು. ದೃಷ್ಟಿ ಜೋರಾಗಿದೆಯೆಂದು ಯಜಮಾನಿ ಇನ್ನೊಂದು ದಾರ ಬಿಗಿದಳು. ಕೆರೆತ ಹೆಚ್ಚಿತು, ಮತ್ತೊಂದು ಬಿಗಿದಳು. ಉಜ್ಜಿ ಉಜ್ಜಿ ಕೊಟ್ಟಿಗೆಯ ಕಂಬ ನುಣ್ಣಗಾಯಿತೇ ಹೊರತು ಗಂದೆ ಹೋಗಲಿಲ್ಲ. ನಿಂತಲ್ಲಿ ನಿಲ್ಲಲಾರದೆ ಕಾಳಿ ಹಾಲಿನ ಚೆಂಬು ಒದ್ದಳು.

“ನಾಳೆಯೂ ಒದ್ದರೆ ಸಂತೆಗೆ ಹೊಡೀತೀನಿ!” ಎಂದಳು ಯಜಮಾನಿ.

ಕಾಳಿ ಪಕ್ಕದಲ್ಲಿದ್ದ ಮೇಕೆಯ ಹತ್ತಿರ ಗೋಳು ತೋಡಿಕೊಂಡಳು. “ಎದುರುಮನೆ ಹಸು ಹೊನ್ನಿಯದೇ ಕಣ್ಣು ಕಣೇ! ನನ್ನ ಕೆಚ್ಚಲು ನೋಡಿ ಹೊಟ್ಟೆಕಿಚ್ಚು, ಅದೂ ಆ ಬಂಜೆಮುಂಡೇದಕ್ಕೆ!”

“ಹೊನ್ನಿಯ ಕಣ್ಣಿಗೆ ಪೊರೆ ಬಂದಿದೆ ಅಕ್ಕಾ. ಮುಂದಿಟ್ಟ ಹುಲ್ಲೇ ಕಾಣಲ್ಲ, ನಿನ್ನ ಕೆಚ್ಚಲು ಎಲ್ಲಿ ಕಂಡೀತು?” ಎಂದಿತು ಮೇಕೆ. “ನಿನ್ನ ಕುತ್ತಿಗೇಲಿರೋದು ನನ್ನ ಕೂದಲು. ಎಷ್ಟು ಚುಚ್ಚುತ್ತೆ ಅಂತ ನನ್ನ ಮಕ್ಕಳನ್ನ ಕೇಳು. ಬಗ್ಗು ಇಲ್ಲಿ.”

ಕಾಳಿ ಬಗ್ಗಿದಳು. ಮೇಕೆ ದಾರಗಳನ್ನೆಲ್ಲ ಕರಕರ ಕಡಿದು ಕೆಡವಿತು. ಗಾಳಿ ತಾಗಿ ಕುತ್ತಿಗೆ ತಣ್ಣಗಾಯಿತು. ಎಷ್ಟೋ ದಿನದ ಮೇಲೆ ಕಾಳಿ ಕಣ್ಣುಮುಚ್ಚಿ ಮೆಲುಕು ಹಾಕಿದಳು.

ಬೆಳಿಗ್ಗೆ ಅಲುಗಾಡದೆ ನಿಂತು ಚೆಂಬು ತುಂಬಿಸಿದಳು. ಯಜಮಾನಿ ಹರಿದು ಬಿದ್ದ ದಾರಗಳನ್ನು ಕಣ್ಣಿಗೊತ್ತಿಕೊಂಡಳು. “ನೋಡ್ರೇ, ದೃಷ್ಟಿನೆಲ್ಲ ತಾವೇ ನುಂಗಿ ಬಿದ್ದಿವೆ! ಇವತ್ತೇ ಹೊಸದು ಕಟ್ತೀನಿ.”

ಕಾಳಿ ಮೆಲ್ಲಗೆ ಮೇಕೆಯ ಕಡೆ ಸರಿದಳು. “ರಾತ್ರಿ ನನ್ನ ಪಕ್ಕದಲ್ಲೇ ಮಲಗಿರು ಮಾರಾಯ್ತಿ.”